ಬಾಯಲ್ಲಿಟ್ಟ ಉಪ್ಪಿನ ಹರಳು

ಹೊಂಗನೂರಿನ ನಮ್ಮ ಮನೆಯಲ್ಲಿ ನಡುಮನೆ ಹುಳುಗಳಿಗೆ, ಜಗಲಿ ಮನುಷ್ಯರಿಗೆ. ತಮಾಷೆಗೆ ಹೇಳುತ್ತಿಲ್ಲ. ಹೆಂಚಿನ ಮನೆ, ಒಳಗೆ ಒಂದೇ ದೊಡ್ಡ ನಡುಮನೆ, ಅದರ ಹಿಂದೆ ಕತ್ತಲೆ ತುಂಬಿದ ಅಡುಗೆಮನೆ, ಮುಂದೆ ಸಗಣಿ ಸಾರಿಸಿದ ಜಗಲಿ. ರೇಷ್ಮೆ ಮೊಟ್ಟೆಯ ಹಾಳೆ ಮನೆಗೆ ಬಂತು ಅಂದರೆ ನಮ್ಮ ಚಾಪೆ, ಕಂಬಳಿ, ಅಪ್ಪನ ಅಂಗಿ, ನನ್ನ ಸ್ಲೇಟು ಎಲ್ಲ ಹೊರಗೆ. ನಡುಮನೆ ತುಂಬ ಬಿದಿರಿನ ತಟ್ಟೆಗಳು, ಗಳುಗಳ ಮೇಲೆ ಒಂದರ ಮೇಲೊಂದು, ಅಪ್ಪ ಕೈ ಎತ್ತಿದರೂ ಮೇಲಿನದು ಎಟುಕದಷ್ಟು ಎತ್ತರ. ಬಾಗಿಲಿಗೆ ಒದ್ದೆ ಗೋಣಿತಾಟು. ಅಡುಗೆಮನೆಗೆ ಹೋಗಬೇಕಾದರೆ ಆ ತಟ್ಟೆಗಳ ನಡುವೆ ಮೈ ಕುಗ್ಗಿಸಿಕೊಂಡು, ಬಟ್ಟೆ ತಾಗಿಸದೆ, ಜೋರಾಗಿ ಉಸಿರೂ ಬಿಡದೆ ಹೋಗಬೇಕಿತ್ತು. ತಿಂಗಳು ಪೂರ್ತಿ ಮನೆ ಅವುಗಳದ್ದು. ಗೂಡು ಕಟ್ಟಿ, ಆ ಗೂಡು ಮಾರುಕಟ್ಟೆಗೆ ಹೋದ ಮೇಲೆ ಮನೆ ತೊಳೆದು, ಸುಣ್ಣ ಬಳಿದು, ನಾವು ನಾಲ್ಕು ದಿನ ಒಳಗೆ ಮಲಗುವಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿರುತ್ತಿತ್ತು. ನಾನು ಹುಟ್ಟಿದ್ದೂ ಆ ಜಗಲಿಯಲ್ಲೇ ಅಂತೆ, ಒಳಗೆ ಹುಳು ಮೂರನೇ ಜ್ವರಕ್ಕೆ ಕೂತಿದ್ದರಿಂದ. ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಂತು, ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹೆರಿಗೆ ನೋವಿನಲ್ಲೂ ಅವ್ವ ಕೂಗಲಿಲ್ಲವಂತೆ. ಕೂಗಿದರೆ ಹುಳು ಬೆದರುತ್ತವೆ ಎಂದು ಅಜ್ಜಿ ಅವಳ ಬಾಯಿಗೆ ಸೆರಗು ತುರುಕಿದ್ದಳಂತೆ. ಇದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹುಳುವಿಗೆ ಕಿವಿ ಎಲ್ಲಿದೆ ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಬಾರದಿತ್ತೆ?

ನಾನು ಕೇಳಿದೆ. ಮಾತು ಬಂದಾಗಿನಿಂದ ಕೇಳುವುದೇ ನನ್ನ ಕೆಲಸ. ಆದರೆ ಆ ಮನೆ ಪೂರ್ತಿ ಅಪ್ಪನ ತಾಯಿ, ನಮ್ಮಜ್ಜಿಯ ಅಂಕೆಯಲ್ಲಿತ್ತು. ಸಣ್ಣ ಆಳು, ದೊಡ್ಡ ದನಿ, ಸೊಪ್ಪು ಕತ್ತರಿಸಿ ಕತ್ತರಿಸಿ ಹಸಿರಾದ ಬೆರಳು. ಹುಳು ಇರುವಾಗ ಒಗ್ಗರಣೆ ಹಾಕಬಾರದು, ಮೆಣಸಿನಕಾಯಿ ಹುರಿಯಬಾರದು, ತಲೆಗೆ ವಾಸನೆ ಎಣ್ಣೆ ಹಚ್ಚಬಾರದು, ಹೂ ಮುಡಿಯಬಾರದು, ಹೊರಗಿನವರು ಹೊಸಿಲು ದಾಟಬಾರದು, ಹುಳು ಚೆನ್ನಾಗಿವೆ ಎಂದು ಬಾಯಿಬಿಟ್ಟು ಹೇಳಬಾರದು. ಎಲ್ಲಕ್ಕಿಂತ ಮೇಲೆ, ಹುಳುವನ್ನು ಎಣಿಸಬಾರದು. ಎಣಿಸಿದರೆ ಎಣಿಸಿದಷ್ಟೂ ಹೋಗುತ್ತವೆ. ಹೀಗಾಗಿ ತಿಂಗಳುಗಟ್ಟಲೆ ನಮಗೆ ಒಗ್ಗರಣೆ ಇಲ್ಲದ ಸಪ್ಪೆ ಸಾರು, ಮುದ್ದೆ. ಘಾಟು ಹುಳುವಿಗೆ ನಿಜಕ್ಕೂ ಆಗುವುದಿಲ್ಲ, ಅದು ಈಗ ನನಗೆ ಗೊತ್ತು. ಆದರೆ ಅಜ್ಜಿ ಅರ್ಥವಿದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಬುಟ್ಟಿಗೆ ತುಂಬಿದ್ದಳು. ಯಾವುದು ಯಾವುದು ಎಂದು ಕೇಳಿದರೆ ಬುಟ್ಟಿಯೇ ತಲೆಯ ಮೇಲೆ ಬೀಳುತ್ತಿತ್ತು.

“ಅಜ್ಜಿ, ಜ್ವರ ಬಂದ್ರೆ ಮೈ ಸುಡ್ಬೇಕಲ್ವಾ? ಹುಳ ತಣ್ಣಗೈತಲ್ಲ?”

“ಸುಮ್ಕಿರಮ್ಮಿ.”

“ಎಣ್ಸುದ್ರೆ ಹೊಯ್ತವೆ ಅಂತೀಯ. ದಿನಾ ಸಂಜೆ ಕುರಿ ಎಣುಸ್ತೀಯಲ್ಲ, ಕುರಿ ಯಾಕೆ ಹೋಗ್ಲಿಲ್ಲ?”

“ಈ ಮಾತ್ನೆಲ್ಲ ಇಸ್ಕೂಲ್ನಲ್ಲಿ ಹೇಳ್ಕೊಡ್ತಾರಾ? ಬಾಯಿಗೆ ಬೀಗ ಹಾಕ್ತೀನಿ ನೋಡು!”

ಅಡುಗೆಮನೆಯ ಕತ್ತಲೆಯಿಂದ ಅವ್ವ ಮೆಲ್ಲಗೆ ಹೇಳುತ್ತಿದ್ದಳು:

“ಅವಳ್ಗೆ ಉತ್ರ ಕೊಡಕ್ಕೋಗ್ಬೇಡಿ ಅತ್ತೆಮ್ಮ. ಒಂದ್ಕೊಟ್ರೆ ಇನ್ನೊಂದ್ ಕೇಳ್ತಾಳೆ.”

ಉತ್ತರ ಕೊಡುತ್ತಿದ್ದವನು ಒಬ್ಬನೇ, ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಯಾವುದೋ ವಠಾರದಲ್ಲಿ ಬಾಡಿಗೆಯ ಕೋಣೆ. ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಹವಾಯಿ ಚಪ್ಪಲಿ, ಹಲ್ಲುಜ್ಜಲು ಬ್ರಶ್ಶು, ನೊರೆ ಬರುವ ಪೇಸ್ಟು. ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ಅರ್ಧ ಊರೇ ಅವನು ನೊರೆ ಉಗುಳುವುದನ್ನು ನಿಂತು ನೋಡುತ್ತಿತ್ತು. ನಮ್ಮ ಪುಟ್ಟಸಾಮಿಗೆ ಗೊತ್ತಿಲ್ದಿರೋದು ಒಂದೂ ಇಲ್ಲ ಎಂದು ಅಜ್ಜಿ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬರುತ್ತಿದ್ದಳು. ನಾನು ಅವನ ಹಿಂದೆಯೇ ಸುತ್ತುತ್ತಿದ್ದೆ. ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ, ರೇಡಿಯೋದೊಳಗೆ ಮಾತಾಡುವವನು ಉಣ್ಣುವುದು ಯಾವಾಗ, ಒಂದನ್ನೂ ಅವನು ತಳ್ಳಿಹಾಕುತ್ತಿರಲಿಲ್ಲ. ವಠಾರದ ಹನ್ನೆರಡು ಮನೆಯವರು ಬೆಳಿಗ್ಗೆ ಒಂದೇ ಕಕ್ಕಸಿನ ಮುಂದೆ ಸಾಲು ನಿಲ್ಲುತ್ತಾರೆ, ಆದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದು ಅವನು ಒಮ್ಮೆ ಹೇಳಿದ. ಯಾಕೆ ಎಂದು ಕೇಳಿದೆ. ತಲೆ ಕೆರೆದುಕೊಂಡು, “ಅದೊಂದು ನಂಗೂ ತಿಳೀದು ಕಣಮ್ಮಿ” ಅಂದ. ತಿಳಿಯದು ಎಂದು ಒಪ್ಪಿಕೊಂಡ ದೊಡ್ಡವರನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತಿನಿಂದ ಅವನೇ ನನಗೆ ದೇವರು. ನಾನಾಗ ನಾಲ್ಕನೇ ಕ್ಲಾಸು. ಐದಕ್ಕೆ ನನ್ನನ್ನು ಕಳಿಸಬಾರದು, ಸೊಪ್ಪು ಕೊಯ್ಯಲು ಆಳು ಬೇಕು ಎಂದು ಅಜ್ಜಿ ಆಗಲೇ ಗುನುಗುತ್ತಿದ್ದಳು. ಈ ಸಲ ಹುಳು ಗೂಡು ಕಟ್ಟಲಿ, ಅಣ್ಣನ ಮನಸ್ಸು ಹಗುರಾದಾಗ ನಾನೇ ಹೇಳಿ ನಿನ್ನನ್ನು ಸೇರಿಸುತ್ತೇನೆ ಎಂದು ಚಿಕ್ಕಪ್ಪ ನನ್ನ ಕೈ ಮೇಲೆ ಕೈ ಇಟ್ಟಿದ್ದ.

ಆ ಬೇಸಿಗೆಯಲ್ಲಿ ಅವನು ಬಂದಾಗ ಹುಳು ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ನನ್ನ ಬೆರಳಿನಷ್ಟು ದಪ್ಪ, ಬೆಳ್ಳಗೆ, ತಣ್ಣಗೆ. ಇನ್ನು ಎರಡು ಮೂರು ದಿನದಲ್ಲಿ ಮೈ ಹಳದಿಗೆ ತಿರುಗಿ ಹಣ್ಣಾಗಬೇಕು, ಗೂಡು ಕಟ್ಟಲು ಅವನ್ನು ಚಂದ್ರಿಕೆಗೆ ಬಿಡಬೇಕು. ಸುರುಳಿ ಸುರುಳಿಯಾಗಿ ಬಿದಿರು ಹೆಣೆದ ಆ ಚಂದ್ರಿಕೆಗಳನ್ನು ಅಪ್ಪ ತೊಳೆದು ಗೋಡೆಗೆ ಒರಗಿಸಿದ್ದ. ಆ ವಯಸ್ಸಿನ ಹುಳು ಸೊಪ್ಪು ತಿನ್ನುವ ಸದ್ದು ಕೇಳಿದವರಿಗೇ ಗೊತ್ತು. ಒಣಹುಲ್ಲಿನ ಮೇಲೆ ಯಾರೋ ನಿಲ್ಲದೆ ನಡೆಯುತ್ತಿರುವ ಹಾಗೆ. ಜಗಲಿಯಲ್ಲಿ ಮಲಗಿದ ನಮಗೆ ಅದೇ ಜೋಗುಳ. ಮಧ್ಯಾಹ್ನ ಅಜ್ಜಿ, ಅಪ್ಪ, ಅವ್ವ ಮೂವರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಚಿಕ್ಕಪ್ಪ.

“ಚಿಕ್ಕಪ್ಪ, ಒಟ್ಟು ಎಷ್ಟವೆ ಇವು?”

“ಎಣುಸ್ಬಾರ್ದು ಅಂತಾರಲ್ಲಮ್ಮಿ ನಿಮ್ಮಜ್ಜಿ.”

“ಎಣುಸ್ದಂಗೆ ತಿಳ್ಕೊಳ್ಳಕ್ಕಾಗಲ್ವಾ?”

ಅವನು ನಕ್ಕ. ಆ ನಗು ಇನ್ನೂ ಕಣ್ಣ ಮುಂದಿದೆ. ಅಡುಗೆಮನೆಯ ಬಾಗಿಲ ಪಕ್ಕದ ಕೆಳಗಿನ ತಟ್ಟೆಯನ್ನು ಎಳೆದು, ಒಂದು ಗೇಣು ಜಾಗದಲ್ಲಿರುವುದನ್ನು ಮಾತ್ರ ಎಣಿಸು ಅಂದ. ತಟ್ಟೆಗೆ ಎಷ್ಟು ಗೇಣು, ಮನೆಗೆ ಎಷ್ಟು ತಟ್ಟೆ, ಗುಣಿಸಿದರೆ ಮುಗಿಯಿತು. ಸ್ಲೇಟಿನ ಮೇಲೆ ಇಬ್ಬರೂ ಸೇರಿ ಲೆಕ್ಕ ಮಾಡಿದೆವು. ಹತ್ತಿರ ಹತ್ತಿರ ಇಪ್ಪತ್ತು ಸಾವಿರ. ಕೂತಲ್ಲೇ ಕೂತು ಕಾಣದ್ದನ್ನು ತಿಳಿಯಬಹುದು ಎಂದು ನನಗೆ ಗೊತ್ತಾಗಿದ್ದು ಆವತ್ತು. ಆ ಸಂತೋಷ ಎಷ್ಟಿತ್ತೆಂದರೆ ಸ್ಲೇಟನ್ನು ಒರೆಸಲು ಮನಸ್ಸಾಗದೆ ಎದೆಗೆ ಒತ್ತಿಕೊಂಡು, ಲಂಗದ ಮೇಲೆಲ್ಲ ಬಳಪದ ಬಿಳುಪು ಮಾಡಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ತೋಟದಿಂದ ಬಂದರು, ಅವರ ಹಿಂದೆಯೇ ಸೊಳ್ಳೆ ಬಂದವು. ಚಿಕ್ಕಪ್ಪ ಚೀಲದಿಂದ ಹಸಿರು ಬಣ್ಣದ, ಹಾವು ಸುತ್ತಿಕೊಂಡಂಥ ಒಂದು ಬತ್ತಿ ತೆಗೆದ. ಸೊಳ್ಳೆ ಬತ್ತಿ. ನಮ್ಮ ಕೇರಿಗೆ ಅದು ಬಂದದ್ದು ಅದೇ ಮೊದಲು. ಜಗಲಿಯಲ್ಲಿ ಹಚ್ಚಿದರೆ ಗಾಳಿಗೆ ಆರಿ ಆರಿ ಹೋಯಿತು. ಎರಡು ಸಲ ಹಚ್ಚಿ ಸಾಕಾಗಿ, ಅವನು ಅದನ್ನು ಗೋಣಿತಾಟು ಸರಿಸಿ ನಡುಮನೆಯ ಬಾಗಿಲ ಹಿಂದೆ, ಒಳಗಡೆ ಇಟ್ಟ. ಅಲ್ಲಿ ಆರಲಿಲ್ಲ.

“ಇದೇನ್ ಮಾಡುತ್ತೆ ಚಿಕ್ಕಪ್ಪ?”

“ಹೊಗೆ ಕುಡುದ್ರೆ ಸೊಳ್ಳೆ ಎಚ್ರ ತಪ್ಪಿ ಬಿದ್ದೋಯ್ತವೆ.”

“ಸೊಳ್ಳೆ ಬಿದ್ದೋದ್ರೆ ನಮ್ ಹುಳ?”

“ಏ ಪೆದ್ದಿ, ಸೊಳ್ಳೆ ಎಷ್ಟೈತೆ, ಹುಳ ಎಷ್ಟೈತೆ! ಅದಕ್ಕೇನಾಯ್ತದೆ?”

ಅಜ್ಜಿ ಕಾಲು ತೊಳೆದು ಬಂದಳು, ಮೂಗು ಅರಳಿಸಿದಳು. ಈಗ ಬೈಯುತ್ತಾಳೆ ಅಂದುಕೊಂಡೆ. ಒಂದು ಕಾಳು ಸಾಸಿವೆ ಸಿಡಿಸಲು ಅವ್ವನಿಗೆ ಬಿಡದ ಮುದುಕಿ ಅವಳು. “ಧೂಪ ಇದ್ದಂಗೈತೆ ಕಣ್ಲಾ, ಇರ್ಲಿ ಬುಡು, ಕಣ್ ಬಿದ್ದಿದ್ರೂ ಹೊಯ್ತದೆ” ಅಂದಳು. ಇದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಸೊಸೆಯ ಒಲೆಯ ಹೊಗೆ ಕೆಟ್ಟದ್ದು, ಮಗ ಪಟ್ಟಣದಿಂದ ತಂದ ಹೊಗೆ ಒಳ್ಳೆಯದು. ಹೊಗೆಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಊಟಕ್ಕೆ ಕೂತೆವು. ಎಲ್ಲರಿಗೂ ಮುದ್ದೆ ಬಿದ್ದಿತ್ತು, ಅವ್ವ ಸಾರು ಬಿಡುತ್ತಿದ್ದಳು. ನನಗೆ ಹೊಟ್ಟೆಯಲ್ಲಿ ಅನ್ನಕ್ಕಿಂತ ಜಾಸ್ತಿ ಆ ಲೆಕ್ಕವೇ ತುಂಬಿಕೊಂಡಿತ್ತು. ತಡೆಯಲಾಗಲಿಲ್ಲ.

“ಅಪ್ಪ, ನಮ್ಮನೇಲಿ ಇಪ್ಪತ್ತು ಸಾವ್ರ ಹುಳ ಅವೆ!”

ಅಜ್ಜಿಯ ಕೈ ತಟ್ಟೆಯ ಮೇಲೆ ನಿಂತುಹೋಯಿತು. ಅಪ್ಪ ನನ್ನ ಕಡೆ ನೋಡಲಿಲ್ಲ, ನಡುಮನೆಯ ಕಡೆ ನೋಡಿದ.

“ಎಣುಸ್ಬುಟ್ಟಾ? ಅಯ್ಯೋ ಮುಂಡೇದೆ, ಎಣುಸ್ಬುಟ್ಟಾ?” ಅಜ್ಜಿ ಚೀರಿದಳು.

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ಮುದ್ದೆ ಮುರಿಯುತ್ತಿದ್ದ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದ. ಇನ್ನೊಂದು ತುತ್ತು ಮುರಿದ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಸದ್ದಿಲ್ಲದಿರುವುದು. ಒಣಹುಲ್ಲಿನ ಮೇಲೆ ನಡೆಯುತ್ತಿದ್ದವರು ನಿಂತುಬಿಟ್ಟಿದ್ದರು. ಒಳಗೆ ಹೋದರೆ ಜಗಲಿ ಕಡೆಯ ತಟ್ಟೆಗಳಲ್ಲಿ ಹುಳುಗಳು ಬಾಯಿಂದ ಹಸಿರು ನೀರು ಕಕ್ಕಿ, ಮೈ ಕುಗ್ಗಿ, ತಮ್ಮದೇ ಸೊಪ್ಪಿನ ಮೇಲೆ ಬಿದ್ದಿದ್ದವು. ನಡುವಿನ ಸಾಲಿನವು ತಲೆಯನ್ನು ಆ ಕಡೆ ಈ ಕಡೆ ಬೀಸುತ್ತಿದ್ದವು, ಯಾರನ್ನೋ ಬೇಡ ಬೇಡ ಅನ್ನುವ ಹಾಗೆ. ಅಡುಗೆಮನೆ ಕಡೆಯವು ಮಾತ್ರ ಇನ್ನೂ ನಿಧಾನವಾಗಿ ಸೊಪ್ಪು ತಿನ್ನುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಅವೂ ಬಿಟ್ಟವು. ಅವ್ವ ಗೋಡೆಗೆ ಒರಗಿ ಕೂತಳು. ಅಪ್ಪ ತೊಳೆದಿಟ್ಟ ಚಂದ್ರಿಕೆಗಳನ್ನು ಎತ್ತಿ ಮತ್ತೆ ಅಟ್ಟಕ್ಕೆ ಹಾಕತೊಡಗಿದ. ಅಷ್ಟೊತ್ತಿಗೆ ನಾನು ಇನ್ನೊಂದನ್ನೂ ನೋಡಿದ್ದೆ. ಬಾಗಿಲ ಹಿಂದೆ ಬತ್ತಿಯ ಬೂದಿ ಸುರುಳಿಯಾಗಿ ಹಾಗೇ ಬಿದ್ದಿತ್ತು. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಒಳಗೆ ಬಂದ ಚಿಕ್ಕಪ್ಪ ಮೊದಲು ಹುಳು ನೋಡಿದ, ಆಮೇಲೆ ಬೂದಿ ನೋಡಿದ, ಆಮೇಲೆ ಚಪ್ಪಲಿ ಕಾಲಿನಿಂದ ಅದನ್ನು ಮೆಲ್ಲಗೆ ಹೊಸಿಲಾಚೆ ತಳ್ಳಿದ. ಆ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಬಂದವರೇ ಇರಲಿಲ್ಲ. ಆವತ್ತು ಯಾರಿಗೂ ಅದು ಕಾಣಲಿಲ್ಲ.

ಅಜ್ಜಿ ನನ್ನ ಜುಟ್ಟು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಸತ್ತ ಹುಳು ತುಂಬಿದ ಮಂಕರಿಯನ್ನು ನನ್ನ ತಲೆಯ ಮೇಲಿಟ್ಟು ತಿಪ್ಪೆಯ ಮುಂದೆ ನಿಲ್ಲಿಸಿದಳು.

“ಇದ್ರ ಕಣ್ಣು, ಇದ್ರ ಬಾಯಿ! ಇಪ್ಪತ್ತು ಸಾವ್ರ ಅಂದ್ಲು, ಇಪ್ಪತ್ತು ಸಾವ್ರನೂ ಹೋಯ್ತು!”

ನಾನು ಅಳುತ್ತಲೇ ಕೇಳಿದೆ. ಅದೇ ನೋಡಿ ನನ್ನ ಜಾತಕ, ಅಳುವಾಗಲೂ ಕೇಳಿದೆ.

“ಅಜ್ಜಿ, ನಾನು ಎಣ್ಸಿದ್ದು ಅಡ್ಗೆಮನೆ ತಾವ್ಲ ತಟ್ಟೆ. ಅದು ಕಡೇಗೆ ಸತ್ತಿದ್ದು. ಬಾಕ್ಲು ತಾವ್ಲದ್ನ ನಾನ್ ಎಣುಸ್ಲೇ ಇಲ್ಲ. ಅವ್ಯಾಕೆ ಮೊದ್ಲು ಸತ್ವು?”

ಒಂಬತ್ತೋ ಹತ್ತೋ ವರ್ಷದ ಹುಡುಗಿ ಕೇಳಿದ ಈ ಒಂದು ಮಾತನ್ನು ಮೂವರು ದೊಡ್ಡವರಲ್ಲಿ ಒಬ್ಬರಾದರೂ ಒಂದು ಗಳಿಗೆ ತಲೆಯಲ್ಲಿ ಇಟ್ಟುಕೊಂಡಿದ್ದರೆ! ಅಪ್ಪ ಮುಖ ತಿರುಗಿಸಿದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾಲ್ಕನೆಯವನು ಚೀಲ ಹೆಗಲಿಗೆ ಹಾಕಿಕೊಂಡು, ಡ್ಯೂಟಿ ಇದೆ ಎಂದು ಚನ್ನಪಟ್ಟಣದ ಸಂಜೆ ಬಸ್ಸಿಗೆ ಹೊರಟು ನಿಂತಿದ್ದ. ಓಡಿಹೋಗಿ ಅವನ ಚೀಲ ಹಿಡಿದುಕೊಂಡೆ. “ಚಿಕ್ಕಪ್ಪ, ನೀನಾರ ಹೇಳು” ಅಂದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನನ್ನ ತಲೆ ಸವರಿ, ಹೋದ. ಉಳಿದ ಬತ್ತಿಗಳ ಡಬ್ಬಿಯನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋಗಿದ್ದ.

ಮುಂದಿನ ಮೊಟ್ಟೆ ಬಂದ ದಿನ ಅಜ್ಜಿ ಉಪ್ಪಿನ ಗಡಿಗೆಯಿಂದ ಕಡಲೆಕಾಳಿನಷ್ಟು ದಪ್ಪದ ಹರಳೊಂದನ್ನು ಆರಿಸಿ ನನ್ನ ನಾಲಗೆಯ ಮೇಲಿಟ್ಟಳು. ಹುಳುವಿನ ಮನೆಯೊಳಗೆ ಕಾಲಿಡುವಾಗ ಇದು ಬಾಯಲ್ಲಿರಬೇಕು, ಹೊರಗೆ ಬಂದ ಮೇಲೆ ಉಗುಳಬೇಕು, ನಡುವೆ ಬಾಯಿ ತೆರೆದರೆ ಹುಷಾರ್. ಊರಲ್ಲಿ ಬೇರೆ ಯಾರ ಮನೆಯಲ್ಲೂ ಈ ಕಟ್ಟಳೆ ಇರಲಿಲ್ಲ, ನನಗೆಂದೇ ಅವಳು ಹುಟ್ಟಿಸಿದ್ದು. ಇಸ್ಕೂಲು ಆ ಬೇಸಿಗೆಗೇ ಮುಗಿಯಿತು. ಪ್ರಶ್ನೆ ಅಲ್ಲಿಂದಲೇ ಬರುತ್ತದೆ ಎಂದು ಅಜ್ಜಿ ತೀರ್ಮಾನಿಸಿದ್ದಳು. ಸ್ಲೇಟಿನ ಮೇಲೆ ಕಾಳು ಹರಡಿ ಕಲ್ಲು ಆರಿಸತೊಡಗಿದರು. ಮೊದಮೊದಲು ಉಪ್ಪಿಗೆ ನಾಲಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕೊನೆಕೊನೆಗೆ ಹರಳು ಇಲ್ಲದಿದ್ದರೂ, ಏನಾದರೂ ಕೇಳಬೇಕು ಅನಿಸಿದ ಕೂಡಲೇ ಬಾಯಿ ತಾನಾಗಿ ಉಪ್ಪುಪ್ಪಾಗುತ್ತಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ನನಗೆ ಒಳ್ಳೆಯ ಹೆಸರು ಬಂತು, ಒಂದು ಮಾತು ಎದುರು ಕೇಳದ ಹೆಣ್ಣು ಎಂದು. ಈ ಹೊಗಳಿಕೆಯನ್ನು ನೆನೆದರೆ ಅಳಬೇಕೋ ನಗಬೇಕೋ ತಿಳಿಯದು. ಇದಕ್ಕಿಂತ ನಾಚಿಕೆಯ ಸಂಗತಿಯೊಂದನ್ನೂ ಬರೆದುಬಿಡುತ್ತೇನೆ. ನನ್ನ ಮಗಳು ಮಂಜುಳ ಚಿಕ್ಕವಳಿದ್ದಾಗ, ನೆಂಟರಿಷ್ಟರ ನಡುವೆ ಏನಾದರೂ ಕೇಳಲು ಹೊರಟರೆ ನನ್ನ ಕೈ ತಾನೇ ಹೋಗಿ ಅವಳ ಬಾಯಿ ಮುಚ್ಚುತ್ತಿತ್ತು. ನಾನೇ ಮುಚ್ಚಿದೆ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು, ಅವಳ ಕೈ ಸತ್ತಿರಲಿಲ್ಲ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ತಡೆದುಕೊಂಡಿದ್ದೇ ದೊಡ್ಡದು. ಮಂಜುಳ ರಾಮನಗರದಲ್ಲಿ ನರ್ಸು, ಮೂರಂತಸ್ತಿನ ಬಿಲ್ಡಿಂಗಿನಲ್ಲಿ ನಡುವಿನ ಮನೆ, ನಾನೂ ಅವಳ ಜೊತೆಯಲ್ಲೇ. ಅವಳ ಮಗಳು ಸಿರಿ, ಏಳು ವರ್ಷ. ನಾನು ಎದೆಯಲ್ಲಿ ಹೂತಿಟ್ಟ ಅಷ್ಟೂ ಪ್ರಶ್ನೆಗಳು ಅವಳ ಬಾಯಲ್ಲಿ ಮೊಳಕೆ ಒಡೆದು ಬಂದಿವೆ ಅಂತೀನಿ! ಎದುರು ಮನೆಯವರು ಬಾಗಿಲ ಮೇಲೆ ಕ್ಯಾಮೆರಾ ಹಾಕಿಸಿದರು, ಅದರ ಪಕ್ಕದಲ್ಲೇ ನಾಲಗೆ ಚಾಚಿದ ದೃಷ್ಟಿಗೊಂಬೆಯನ್ನೂ ತೂಗುಹಾಕಿದರು. ಸಿರಿ ಮೆಟ್ಟಿಲ ಮೇಲೆ ನಿಂತು ನೋಡಿಯೇ ನೋಡಿದಳು.

“ಅಜ್ಜಿ, ಕ್ಯಾಮೆರಾ ಕಳ್ಳನ್ನ ನೋಡ್ಕೊಳ್ಳುತ್ತೆ. ಗೊಂಬೆ ಯಾರನ್ನ ನೋಡ್ಕೊಳ್ಳುತ್ತೆ?”

“ಕೆಟ್ ಕಣ್ಣನ್ನ ಕಣವ್ವ.”

“ಕೆಟ್ ಕಣ್ಣೂ ಕ್ಯಾಮೆರಾದಲ್ಲಿ ಕಾಣ್ಸುತ್ತಾ? ಕಾಣ್ಸಲ್ಲ ಅಂದ್ರೆ ಐತೆ ಅಂತ ಅವರಿಗೆ ಯಾರ್ ಹೇಳಿದ್ದು?”

ನಾನು ಮೆಟ್ಟಿಲ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳನ್ನು ಎಳೆದು ಮುತ್ತಿಟ್ಟೆ. ನನ್ನ ಬಂಗಾರ, ನನ್ನ ಪುಟ್ಟ ವಕೀಲ! ಎದುರು ಮನೆಯಾಕೆ ಬಾಗಿಲು ತೆರೆದು ನೋಡಿ ಮತ್ತೆ ಹಾಕಿಕೊಂಡಳು. ಮೂರು ವರ್ಷವಾಯಿತು, ಆಕೆಯ ಹೆಸರು ನನಗೆ ಇನ್ನೂ ಗೊತ್ತಿಲ್ಲ. ವಠಾರದ ಹನ್ನೆರಡು ಮನೆ ನೆನಪಾಯಿತು.

ಒಂದು ಸಂಜೆ ನಾನು ಸೊಳ್ಳೆಯ ಮೆಷಿನ್ನನ್ನು ಗೋಡೆಗೆ ಸಿಕ್ಕಿಸುತ್ತಿದ್ದೆ. ಸಿರಿ ಹೋಂವರ್ಕ್ ಬಿಟ್ಟು ತಲೆ ಎತ್ತಿದಳು.

“ಅಜ್ಜಿ, ಇದ್ರಿಂದ ಸೊಳ್ಳೆ ಸಾಯುತ್ತಲ್ಲ, ಮಿಕ್ಕಿದವಕ್ಕೆ ಏನೂ ಆಗಲ್ವಾ?”

ನನ್ನ ಕೈ ಸ್ವಿಚ್ಚಿನ ಮೇಲೇ ನಿಂತಿತು. ಐವತ್ತು ವರ್ಷದ ಹಿಂದೆ ಹೊಸಿಲ ಮೇಲೆ ನಿಂತು ನಾನು ಕೇಳಿದ್ದೂ ಇದನ್ನೇ ಅಲ್ಲವೆ? “ಸಿರಿ, ನಿಮ್ಮವ್ವನ ಫೋನಿಗೆ ಒಂದು ಕೇಳವ್ವ. ಸೊಳ್ಳೆ ಬತ್ತಿ ಹೊಗೆಗೆ ರೇಷ್ಮೆ ಹುಳ ಸಾಯ್ತವಾ ಅಂತ ಕೇಳು” ಅಂದೆ. ಅವಳು ಕೇಳಿದಳು. ಫೋನಿನೊಳಗಿನ ಹೆಂಗಸು ಒಂದು ಉಸಿರು ಎಳೆಯುವಷ್ಟೂ ತಡಮಾಡದೆ, ಪುಸ್ತಕದ ಕನ್ನಡದಲ್ಲಿ, ಹೌದು, ಸೊಳ್ಳೆ ಬತ್ತಿಯಲ್ಲಿರುವ ಕೀಟನಾಶಕ ರೇಷ್ಮೆ ಹುಳುಗಳಿಗೂ ವಿಷ, ಸಾಕಣೆ ಮನೆಯ ಹತ್ತಿರ ಹಚ್ಚಬಾರದು ಅಂದಳು. ಮೂರು ಸಲ ಹೇಳಿಸಿದೆ. ಮೂರು ಸಲವೂ ಅಷ್ಟೇ ತಣ್ಣಗೆ ಹೇಳಿದಳು. ಕೋಪ ಬಂತು ನೋಡಿ, ಯಾರ ಮೇಲೆ ಎಂದು ಗೊತ್ತಾಗದ ಕೋಪ. ಇಷ್ಟೇ ಇಷ್ಟು ಮಾತಿಗೆ ನಾನು ನಾಲಗೆ ಸುಟ್ಟುಕೊಂಡೆನೆ? ಹೇಳೋಣವೆಂದರೆ ಅಜ್ಜಿ ಇಲ್ಲ, ಅಪ್ಪ ಇಲ್ಲ, ಅವ್ವ ಇಲ್ಲ. ಹಾಗಾಗಿ ಸಿರಿಗೇ ಎಲ್ಲ ಹೇಳಿದೆ, ಈಗ ನಿಮಗೆ ಹೇಳಿದ ಹಾಗೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಆ ತಾತಂಗೆ ಬತ್ತಿಯಿಂದ ಅಂತ ಗೊತ್ತಿತ್ತಾ?”

“ತಿಳೀದು ಕಣವ್ವ.”

“ನೀನು ಕೇಳ್ಲಿಲ್ವಾ?”

“ಇಲ್ಲ.”

“ಯಾಕೆ?”

ಬಾಯಲ್ಲಿ ಉಪ್ಪು ಬಂತು. ಅಲ್ಲ, ಎಷ್ಟು ಸಲ ಅವನ ಎದುರು ಕೂತಿಲ್ಲ ನಾನು? ಮದುವೆಗಳಲ್ಲಿ, ತಿಥಿಗಳಲ್ಲಿ, ಅಪ್ಪನ ಹೆಣದ ಮುಂದೆ. ಒಂದು ಸಲವೂ ಕೇಳಲಿಲ್ಲವಲ್ಲ. ಇದನ್ನು ಫೋನಿಗೆ ಕೇಳಿದರೆ ಪ್ರಯೋಜನವಿಲ್ಲ. ಗೊತ್ತಿದ್ದವನು ಒಬ್ಬನೇ.

ಆ ಒಬ್ಬನು ಹೋದ ತಿಂಗಳು ನಮ್ಮ ಮನೆಗೆ ಊಟಕ್ಕೆ ಬಂದ. ಕೆಲಸದಿಂದ 'ರಿಟೈರ್' ಆದ ಮೇಲೆ ಅವನು ಕುದೂರಿನಲ್ಲಿ, ಹೆಂಡತಿಯ ಊರಿನಲ್ಲಿ ಇದ್ದಾನೆ. ಎಂಬತ್ತರ ಹತ್ತಿರ. ರಾಮನಗರದ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. ಸಂಭ್ರಮಕ್ಕೇನು ಕಡಿಮೆ, ಮುದ್ದೆ, ಅವರೆಕಾಳಿನ ಉಪ್ಸಾರು, ಕಣ್ಣಲ್ಲಿ ನೀರು ಬರುವಷ್ಟು ಬೆಳ್ಳುಳ್ಳಿ ಒಗ್ಗರಣೆ. ಈಗ ನನ್ನ ಮನೆಯಲ್ಲಿ ಒಗ್ಗರಣೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಎಲ್ಲರೂ ಕೆಳಗೇ ಕೂತೆವು, ಅವನು, ಎದುರಿಗೆ ಸಿರಿ, ಪಕ್ಕದಲ್ಲಿ ಮಂಜುಳ, ಬಡಿಸಲು ನಾನು. ಉಪ್ಪಿನ ಬಟ್ಟಲು ನನ್ನ ಮೊಣಕಾಲ ಹತ್ತಿರ ಇತ್ತು. ಅವನು ಮೊದಲ ತುತ್ತು ಮುರಿದ. ಸಿರಿ ಕೇಳಿಬಿಟ್ಟಳು.

“ತಾತ, ನೀವು ಹಚ್ಚಿದ ಬತ್ತಿಯಿಂದಾನೇ ಹುಳ ಸತ್ತಿದ್ದು ಅಂತ ನಿಮಗೆ ಗೊತ್ತಿತ್ತಾ?”

ನನ್ನ ಕೈ ಎದ್ದಿತು. ಸುಳ್ಳೇಕೆ ಹೇಳಲಿ, ಎದ್ದಿತು, ಆ ಪುಟ್ಟ ಬಾಯಿಯ ಕಡೆಗೇ. ಮಂಜುಳ ಉಣ್ಣುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಆ ಕೈಯ ಗುರುತು ನನಗಿಂತ ಚೆನ್ನಾಗಿತ್ತು. ಅವಳ ಕಣ್ಣು ಕಂಡದ್ದೇ, ನಾನು ಕೈಯನ್ನು ಕೆಳಗಿಳಿಸಿ ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೆ.

ಚಿಕ್ಕಪ್ಪ ಕನ್ನಡಕ ತೆಗೆದ. ಕಣ್ಣು ಕೆಂಪಗಿದ್ದವು, ಔಷಧಿಗೋ ಏನೋ.

“ಗೊತ್ತಿತ್ತು ಕಣವ್ವ. ಬೂದಿ ನೋಡ್ದಾಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಎಲ್ಲಾ ತಿಳ್ದೋನು ಅಂತಿದ್ರು ನನ್ನ. ಅಣ್ಣನ್ ಬೆಳೆ ನನ್ ಕೈಯಾರ ಸುಟ್ಟೆ ಅಂತ ಹೆಂಗವ್ವ ಹೇಳ್ಲಿ? ಮಗಾ ಅಲ್ವಾ, ಬೈತಾರೆ, ನಾಕ್ ದಿನ್ಕೆ ಮರ್ತೋಯ್ತಾರೆ ಅಂದ್ಕೊಂಡೆ.”

ಅಷ್ಟೇ. ಐವತ್ತು ವರ್ಷ ನಾನು ಕಾದ ಉತ್ತರ ಅಷ್ಟೇ ಇತ್ತು. ಇನ್ನೂ ದೊಡ್ಡದೇನಾದರೂ ಇರಬಹುದು, ನಾನು ಕಾಣದ ಕಷ್ಟ ಏನೋ ಇರಬಹುದು ಅಂದುಕೊಂಡಿದ್ದೆ. ಏನೂ ಇರಲಿಲ್ಲ, ಊರವರ ಮುಂದೆ ಮುಖ ಸಣ್ಣದಾಗುತ್ತದೆ ಅನ್ನುವುದು ಬಿಟ್ಟರೆ. ನಾನು ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟುಬಿಟ್ಟೆ. ಆದರೆ ಸಿರಿಯದು ಮುಗಿದಿರಲಿಲ್ಲ. ನನ್ನ ಬಂಗಾರ, ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಕೇಳುತ್ತಾಳೆ.

“ಹಂಗಾದ್ರೆ ಅಜ್ಜಿ ಇಸ್ಕೂಲು ನಿಂತಿದ್ದು ನಿಮ್ಮಿಂದಾನಾ?”

ಚಿಕ್ಕಪ್ಪ ತಟ್ಟೆಯನ್ನು ನೋಡಿದ. ಬೆರಳಿನಿಂದ ಸಾರನ್ನು ಮುಟ್ಟಿ ನಾಲಗೆಗೆ ಹಚ್ಚಿಕೊಂಡ.

“ಜಯಿ, ಒಸಿ ಉಪ್ಪು ಕೊಡವ್ವ.”

ಬಟ್ಟಲನ್ನು ಎತ್ತಿಕೊಂಡೆ. ಕಲ್ಲುಪ್ಪು, ಕಡಲೆಕಾಳಿನಷ್ಟು ದಪ್ಪದ ಹರಳುಗಳು. ಪುಡಿಯುಪ್ಪು ನನಗೆ ಒಗ್ಗುವುದಿಲ್ಲ. ಅವನು ಕೈ ಚಾಚಿದ. ನಾನು ಬಟ್ಟಲನ್ನು ಮಡಿಲಿನಲ್ಲಿ ಇಟ್ಟುಕೊಂಡೆ.

“ಕೊಡ್ತೀನಿ ಚಿಕ್ಕಪ್ಪ. ಮೊದ್ಲು ಮಗ ಕೇಳಿದ್ದಕ್ಕೆ ಹೇಳು.”